ಬಿರುಗಾಳಿಯ ಬೆನ್ನುಹತ್ತಿದವರೂ ಪೊಲೀಸರ ನಾಕಾಬಂದಿಯೂ

ಮೇ ತಿಂಗಳ ಇಳಿಹೊತ್ತು. ಅಮೆರಿಕದ ಒಕ್ಲಹೋಮ ರಾಜ್ಯದ ಪಶ್ಚಿಮ ಭಾಗದಲ್ಲಿ, ಹೊಂಬಣ್ಣಕ್ಕೆ ತಿರುಗುತ್ತಿರುವ ಗೋಧಿಯ ಹೊಲಗಳ ನಡುವೆ ಕಣ್ಣು ಹಾಯುವಷ್ಟು ದೂರ ನೇರವಾಗಿ ಸಾಗುವ ರಸ್ತೆಯೊಂದರ ಮೇಲೆ, ನೈಋತ್ಯದ ಆಕಾಶವು ಸೀಸದ ಬಣ್ಣವನ್ನು ತಾಳಿ ಮೋಡದ ತಳವು ನೆಲದತ್ತ ಬಾಗತೊಡಗಿರುವ ಸಮಯದಲ್ಲಿ, ಹತ್ತಾರು ಕಾರುಗಳು ಒಂದರ ಹಿಂದೊಂದಾಗಿ ನಿಂತಿವೆ. ಅವುಗಳಲ್ಲಿ ಕೆಲವಕ್ಕೆ ಮಾಡಿನ ಮೇಲೆ ರೇಡಿಯೊ ಕಡ್ಡಿಗಳು. ಕೆಲವಕ್ಕೆ ಆಲಿಕಲ್ಲಿನ ಪೆಟ್ಟಿಗೆ ತಗ್ಗುಬಿದ್ದ ಬಾನೆಟ್ಟು. ಬಹುಪಾಲು ಎಲ್ಲದರಲ್ಲಿಯೂ ಚಾಲಕನ ಮುಂದೆ ರೇಡಾರ್ ಚಿತ್ರವನ್ನು ತೋರುತ್ತಿರುವ ಮೊಬೈಲು.

ಸಾಲಿನ ತುದಿಯಲ್ಲಿ ಜಿಲ್ಲಾ ಶೆರೀಫರ ಕಾರೊಂದು, ಕೆಂಪು ನೀಲಿ ದೀಪಗಳನ್ನು ಮಿನುಗಿಸುತ್ತ, ರಸ್ತೆಗೆ ಅಡ್ಡಲಾಗಿ ನಿಂತಿದೆ. ಮಳೆಯಂಗಿ ತೊಟ್ಟ ತರುಣ ಅಧಿಕಾರಿಯೊಬ್ಬನು ಕೈಯೆತ್ತಿ ವಾಹನಗಳನ್ನು ತಡೆಯುತ್ತಿದ್ದಾನೆ. ಅವನ ಬೆನ್ನ ಹಿಂದೆ, ಎರಡು ಮೈಲಿ ಆಚೆ, ಹದಿನೈದು ನಿಮಿಷಗಳ ಕೆಳಗೆ ಒಂದು ತೋಟದ ಮನೆ ಇದ್ದಿತು.

ಮೊದಲನೆಯ ಕಾರಿನ ಗಾಜು ಕೆಳಗಿಳಿಯುತ್ತದೆ. ಅದರೊಳಗಿನ ಮನುಷ್ಯ ನೂರಾರು ಮೈಲಿ ದೂರದಿಂದ, ಸುಂಟರಗಾಳಿಯನ್ನು ಕಣ್ಣಾರೆ ಕಾಣಬೇಕೆಂಬ ಒಂದೇ ಆಸೆಯಿಂದ ಬಂದವನು. ಅವನು ಈಗ ಆಡುವ ಮಾತು, ತೋರುವ ಸಹನೆ, ಹಿಡಿಯುವ ದಾರಿ, ಇವು ಅವನ ಪ್ರಾಣಕ್ಕೂ ಆಚೆಯ ಊರಿನವರ ಪ್ರಾಣಕ್ಕೂ ಸಂಬಂಧಿಸಿದ ವಿಷಯಗಳಾಗಿವೆ. ಚಲನಚಿತ್ರಗಳ ಮೂಲಕ ನಾವು ಈ ಸಾಹಸಿಗಳನ್ನು ಅಷ್ಟಿಷ್ಟು ಬಲ್ಲೆವು. ಆದರೆ ಅವರ ಸಾಹಸದ ಕಠಿನತಮ ಪರೀಕ್ಷೆಗಳಲ್ಲೊಂದು ಮೋಡದ ಕೆಳಗಲ್ಲದೆ ಈ ನಾಕಾಬಂದಿಯ ಎದುರಿನಲ್ಲಿ ನಡೆಯುತ್ತದೆ ಎಂಬುದನ್ನು ಬಲ್ಲವರು ವಿರಳ.

ಬೆನ್ನಟ್ಟುವವರು ಯಾರು?

ಟೆಕ್ಸಸ್, ಒಕ್ಲಹೋಮ, ಕ್ಯಾನ್ಸಸ್, ನೆಬ್ರಾಸ್ಕ ಮೊದಲಾದ ಮಧ್ಯ ಅಮೆರಿಕದ ಬಯಲು ರಾಜ್ಯಗಳಲ್ಲಿ, ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ ಬರುವ ತೇವದ ಗಾಳಿಯೂ ಪಶ್ಚಿಮದ ಪರ್ವತಗಳನ್ನು ದಾಟಿ ಬರುವ ಒಣಗಾಳಿಯೂ ವಸಂತ ಋತುವಿನಲ್ಲಿ ಸಂಧಿಸಿ, ಟಾರ್ನೇಡೊ ಎಂದು ಲೋಕಪ್ರಸಿದ್ಧವಾದ ಸುಂಟರಗಾಳಿಗಳಿಗೆ ಜನ್ಮ ಕೊಡುತ್ತವೆ. ಆ ದೇಶದಲ್ಲಿ ವರ್ಷಕ್ಕೆ ಸುಮಾರು 1,200 ಸುಂಟರಗಾಳಿಗಳು ದಾಖಲಾಗುತ್ತವೆ.

ಇವನ್ನು ಹುಡುಕಿಕೊಂಡು ಹೋಗುವ ಹವ್ಯಾಸದ ಆದಿಪುರುಷರಲ್ಲಿ ಡೇವಿಡ್ ಹೋಡ್ಲಿ ಒಬ್ಬರು; ಉತ್ತರ ಡಕೋಟದ ಬಿಸ್ಮಾರ್ಕ್ ನಗರದವರಾದ ಇವರು 1956ರಲ್ಲಿ ಈ ಕಾರ್ಯವನ್ನು ಆರಂಭಿಸಿ, 1977ರಲ್ಲಿ ಸಮಾನಾಸಕ್ತರಿಗಾಗಿ ಒಂದು ಪತ್ರಿಕೆಯನ್ನೂ ಹೊರಡಿಸಿದರು. ವಿಜ್ಞಾನದ ದೃಷ್ಟಿಯಿಂದ ಬೆನ್ನಟ್ಟಿದವರಲ್ಲಿ ಮೊದಲಿಗರೆಂದರೆ ನೀಲ್ ವಾರ್ಡ್. 1961ರಲ್ಲಿ ಅವರು ಸುಂಟರಗಾಳಿಯೊಂದನ್ನು ಹಿಂಬಾಲಿಸಿದುದು ಒಕ್ಲಹೋಮ ಹೆದ್ದಾರಿ ಗಸ್ತಿನ ಪೊಲೀಸ್ ಕಾರಿನಲ್ಲಿ ಕುಳಿತು, ಆ ಕಾರಿನ ರೇಡಿಯೊ ಮೂಲಕವೇ ಹವಾಮಾನ ಕಚೇರಿಯೊಡನೆ ಮಾತನಾಡುತ್ತ. ಪೊಲೀಸರಿಗೂ ಬಿರುಗಾಳಿಯ ಅನ್ವೇಷಕರಿಗೂ ಮೂಲದಲ್ಲಿ ವೈರವಿರಲಿಲ್ಲ, ಸಹಯಾನವಿದ್ದಿತು ಎಂಬುದನ್ನು ಈ ಸಂಗತಿ ನೆನಪಿಗೆ ತರುತ್ತದೆ.

1973ರ ಮೇ 24ರಂದು ಒಕ್ಲಹೋಮದ ಯೂನಿಯನ್ ಸಿಟಿಯ ಬಳಿ ಎದ್ದ ಸುಂಟರಗಾಳಿಯನ್ನು, ನಾರ್ಮನ್ ನಗರದ ರಾಷ್ಟ್ರೀಯ ಪ್ರಯೋಗಾಲಯದ ಡಾಪ್ಲರ್ ರೇಡಾರ್ ದೂರದಿಂದಲೂ ಬೆನ್ನಟ್ಟಿದ ತಂಡ ಹತ್ತಿರದಿಂದಲೂ ಏಕಕಾಲಕ್ಕೆ ನೋಡಿದುವು. ಇಂದಿನ ಮುನ್ನೆಚ್ಚರಿಕೆಯ ವ್ಯವಸ್ಥೆಗೆ ತಳಹದಿಯಾದ ತಿಳಿವಳಿಕೆಯಲ್ಲಿ ಒಂದು ಭಾಗ ಹಾಗೆ ದೊರಕಿತು. ಮುಂದೆ 1996ರಲ್ಲಿ ಬೆನ್ನಟ್ಟುವವರನ್ನು ಕುರಿತ 'ಟ್ವಿಸ್ಟರ್' ಚಿತ್ರ ಬಂದಿತು. ಆಮೇಲೆ ಕೈಗೈಯಲ್ಲಿ ಮೊಬೈಲೂ, ಮೊಬೈಲಿನಲ್ಲಿ ರೇಡಾರೂ ಬಂದುವು. ಬೆರಳೆಣಿಕೆಯಷ್ಟಿದ್ದವರು, ಒಂದೇ ಮೋಡದ ಕೆಳಗೆ ನೂರಾರು ಕಾರುಗಳಾಗಿ ನೆರೆಯತೊಡಗಿದರು. ವಿಜ್ಞಾನಿಗಳು, ದೂರದರ್ಶನದ ವರದಿಗಾರರು, ಹವಾಮಾನ ಸೇವೆಗೆ ಸುದ್ದಿ ಕಳುಹಿಸುವ ತರಬೇತಿ ಪಡೆದ ಸ್ವಯಂಸೇವಕರು, ಛಾಯಾಗ್ರಾಹಕರು, ಹಣ ತೆತ್ತು ಬಂದ ಪ್ರವಾಸಿಗರು, ಕೇವಲ ಕುತೂಹಲಿಗಳು, ಎಲ್ಲರೂ ಒಂದೇ ರಸ್ತೆಯಲ್ಲಿ. ಅಡ್ಡ ನಿಂತ ಅಧಿಕಾರಿಯ ಕಣ್ಣಿಗೆ ಇವರಲ್ಲಿ ಯಾರು ಯಾರೆಂದು ತಿಳಿಯುವ ಉಪಾಯವಿಲ್ಲ.

ಚೌಕುಳಿಯ ದಾರಿಗಳು

ಈ ಸಮಸ್ಯೆಯನ್ನು ಗ್ರಹಿಸಬೇಕಾದರೆ ಆ ನಾಡಿನ ರಸ್ತೆಗಳ ಸ್ವರೂಪವನ್ನು ಅರಿಯಬೇಕು. 1785ರ ಭೂಶಾಸನದಿಂದ ಮೊದಲ್ಗೊಂಡು ಅಮೆರಿಕದ ಸರ್ಕಾರವು ತನ್ನ ಪಶ್ಚಿಮದ ನೆಲವನ್ನು ಒಂದೊಂದು ಮೈಲಿಯ ಚೌಕಗಳಾಗಿ ಅಳೆಯಿಸಿದುದರಿಂದ, ಬಯಲುಸೀಮೆಯ ಬಹುಭಾಗದಲ್ಲಿ ಹಳ್ಳಿಯ ರಸ್ತೆಗಳು ಚದುರಂಗದ ಮಣೆಯ ಗೆರೆಗಳಂತೆ, ಉತ್ತರ ದಕ್ಷಿಣವಾಗಿಯೂ ಪೂರ್ವ ಪಶ್ಚಿಮವಾಗಿಯೂ, ಮೈಲಿಗೊಂದರಂತೆ ಹಾಯ್ದಿವೆ. ಇದರಿಂದ ಒಂದು ದಾರಿ ಮುಚ್ಚಿದರೆ ಇನ್ನೊಂದು ದೊರೆಯುವುದು ಸಾಮಾನ್ಯವಾಗಿ ಕಷ್ಟವಲ್ಲ.

ಆದರೆ ನಕ್ಷೆಯಲ್ಲಿ ಸಮವಾಗಿ ಕಾಣುವ ಈ ಗೆರೆಗಳೆಲ್ಲವೂ ನೆಲದ ಮೇಲೆ ಸಮವಲ್ಲ. ಡಾಂಬರು ಕಂಡಿರುವುವು ಕೆಲವು ಮಾತ್ರ, ಕೆಲವಕ್ಕೆ ಜಲ್ಲಿ, ಉಳಿದವು ಬರಿಯ ಮಣ್ಣು. ಒಕ್ಲಹೋಮದ ಕೆಂಪು ಜೇಡಿಮಣ್ಣಿನ ದಾರಿ ಅರ್ಧ ಗಂಟೆಯ ಮಳೆಗೆ ಎಷ್ಟು ಜಾರುತ್ತದೆಂದರೆ, ಚಕ್ರಗಳು ತಿರುಗುತ್ತಿದ್ದಂತೆಯೇ ಕಾರು ಅಡ್ಡಡ್ಡಲಾಗಿ ಚರಂಡಿಯತ್ತ ಸರಿಯುವುದನ್ನು ಚಾಲಕನು ನಿಸ್ಸಹಾಯನಾಗಿ ನೋಡಬೇಕಾಗುತ್ತದೆ. ಇನ್ನು ನದಿಗಳಿರುವಲ್ಲಿ ಸೇತುವೆ ಹಲವು ಮೈಲಿಗೊಂದು. ಆದಕಾರಣ ನಾಕಾಬಂದಿಯನ್ನು ಕಂಡೊಡನೆ ಪಕ್ಕದ ಮಣ್ಣುದಾರಿಗೆ ನುಗ್ಗುವವನು, ಪೊಲೀಸನ ಕಣ್ಣಿನಿಂದ ತಪ್ಪಿಸಿಕೊಂಡು ಬಿರುಗಾಳಿಯ ಕೈಗೆ ಸಿಕ್ಕಿಬೀಳುವ ಸಂಭವವುಂಟು.

ನಿಪುಣನಾದ ಬೆನ್ನಟ್ಟುವವನು ಆ ಗಳಿಗೆಗಾಗಿ ಕಾಯುವುದಿಲ್ಲ. ಮಧ್ಯಾಹ್ನವೇ ನಕ್ಷೆಯನ್ನು ಬಿಡಿಸಿ, ಡಾಂಬರಿನ ದಾರಿಗಳನ್ನೂ ಸೇತುವೆಗಳನ್ನೂ ಗುರುತಿಸಿಟ್ಟುಕೊಂಡು, ತಾನು ನಿಲ್ಲುವ ಪ್ರತಿಯೊಂದು ಸ್ಥಳದಿಂದಲೂ ಪಾರಾಗಲು ಎರಡು ದಾರಿಗಳಿವೆಯೆಂದು ಮನಗಂಡ ಮೇಲೆಯೇ ಅಲ್ಲಿ ಕಾರನ್ನು ನಿಲ್ಲಿಸುತ್ತಾನೆ. ಸುಂಟರಗಾಳಿಗಳು ಬಹುಮಟ್ಟಿಗೆ ನೈಋತ್ಯದಿಂದ ಈಶಾನ್ಯಕ್ಕೆ ಚಲಿಸುವುದರಿಂದ ಅವನು ಅದರ ಆಗ್ನೇಯಕ್ಕೆ ನಿಂತು, ದಕ್ಷಿಣದ ದಾರಿಯನ್ನು ತೆರವಾಗಿ ಇಟ್ಟುಕೊಳ್ಳುತ್ತಾನೆ. ಊರುಗಳ ನಡುವೆ ಹಾಯುವ ದಾರಿಯನ್ನು ಸಾಧ್ಯವಾದಷ್ಟು ಬಿಡುತ್ತಾನೆ. ಏಕೆಂದರೆ ಸುಂಟರಗಾಳಿ ಊರನ್ನು ಹೊಕ್ಕರೆ ಮೊದಲು ಮುಚ್ಚುವುದು ಆ ದಾರಿಯೇ.

ಪೊಲೀಸರು ಅಡ್ಡಗಟ್ಟುವುದು ಏಕೆ?

ನಾಕಾಬಂದಿಗಳಲ್ಲಿ ಎರಡು ಬಗೆ. ಸುಂಟರಗಾಳಿ ಹೆದ್ದಾರಿಯನ್ನು ದಾಟುವುದಕ್ಕೆ ಮುಂಚೆ ವಾಹನಗಳನ್ನು ತಡೆದು ನಿಲ್ಲಿಸುವುದು ಒಂದು. ಅದು ಹಾದುಹೋದ ಮೇಲೆ ಹಾನಿಯ ಪ್ರದೇಶವನ್ನು ಮುಚ್ಚುವುದು ಇನ್ನೊಂದು. ಮೊದಲನೆಯದು ಪ್ರಯಾಣಿಕನ ರಕ್ಷಣೆಗಾಗಿ; ಎರಡನೆಯದು ಹೆಚ್ಚಾಗಿ ಅವನ ಕಣ್ಣಿಗೆ ಬೀಳದ ಮತ್ತೊಬ್ಬನ ರಕ್ಷಣೆಗಾಗಿ.

ಸುಂಟರಗಾಳಿ ತುಳಿದುಹೋದ ನೆಲದಲ್ಲಿ ವಿದ್ಯುತ್ ತಂತಿಗಳು ಹರಿದುಬಿದ್ದಿರುತ್ತವೆ. ಒದ್ದೆ ಹುಲ್ಲಿನಲ್ಲಿ ಹುದುಗಿದ ತಂತಿಯೊಂದು ಸತ್ತಿದೆಯೋ ಜೀವಂತವಾಗಿದೆಯೋ ಎಂಬುದು ನೋಡಿದ ಮಾತ್ರಕ್ಕೆ ತಿಳಿಯದು. ಅಡುಗೆ ಅನಿಲದ ಕೊಳವೆಗಳು ಮುರಿದು ಅನಿಲ ಸೋರುತ್ತಿರುತ್ತದೆ. ಮೊಳೆ ತುಂಬಿದ ಹಲಗೆಗಳೂ ತಗಡಿನ ಚೂರುಗಳೂ ರಸ್ತೆಯ ಮೇಲೆ ಹರಡಿರುತ್ತವೆ; ಚಕ್ರ ಒಡೆದು ನಿಂತ ಒಂದೇ ಕಾರು ಆಂಬುಲೆನ್ಸಿನ ದಾರಿಯನ್ನು ಕಟ್ಟಿಹಾಕಬಲ್ಲುದು.

ಎಲ್ಲಕ್ಕಿಂತ ಮಿಗಿಲಾಗಿ, ಕುಸಿದ ಮನೆಯ ಕೆಳಗೆ ಸಿಕ್ಕಿಕೊಂಡವನ ಕೂಗನ್ನು ಕೇಳಬೇಕಾದರೆ ಸುತ್ತಲೂ ಮೌನವಿರಬೇಕು. ಶೋಧಕರು ಆಗಾಗ ಎಲ್ಲ ಯಂತ್ರಗಳನ್ನೂ ನಿಲ್ಲಿಸಿ ಕಿವಿಗೊಟ್ಟು ಆಲಿಸುವ ಕ್ರಮವುಂಟು. ಅಂಥ ಸಮಯದಲ್ಲಿ ಮಗ್ಗುಲಲ್ಲಿ ಗುರುಗುಟ್ಟುವ ಇಪ್ಪತ್ತು ಎಂಜಿನ್‌ಗಳು ಏನನ್ನು ಮರೆಮಾಡಬಲ್ಲುವು ಎಂಬುದನ್ನು ವಿವರಿಸಬೇಕಾಗಿಲ್ಲ. ಬರಿದಾದ ಮನೆಗಳಿಂದ ಕಳವು ನಡೆಯದಂತೆ ಕಾಯುವ ಹೊಣೆಯೂ ಪೊಲೀಸರದೇ.

2007ರ ಮೇ 4ರ ರಾತ್ರಿ ಕ್ಯಾನ್ಸಸ್ಸಿನ ಗ್ರೀನ್ಸ್‌ಬರ್ಗ್ ಎಂಬ ಸಣ್ಣ ಊರನ್ನು, ಊರಿನಷ್ಟೇ ಅಗಲವಾದ ಸುಂಟರಗಾಳಿಯೊಂದು ಹೊಕ್ಕು, ಸುಮಾರು ನೂರಕ್ಕೆ ತೊಂಬತ್ತೈದು ಭಾಗವನ್ನು ನೆಲಸಮ ಮಾಡಿತು. ಆಗ ಆ ಊರಿನ ನಿವಾಸಿಗಳಿಗೇ ತಮ್ಮ ಮನೆಗಳ ಅವಶೇಷಗಳನ್ನು ನೋಡಲು ಕೂಡಲೇ ಪ್ರವೇಶ ದೊರೆಯಲಿಲ್ಲ. ಮನೆ ಕಳೆದುಕೊಂಡವನೇ ಬ್ಯಾರಿಕೇಡಿನ ಹೊರಗೆ ಕಾದು ನಿಂತಿರುವಾಗ, ಕ್ಯಾಮೆರಾ ಹಿಡಿದು ಬಂದ ಅಪರಿಚಿತನು ತನ್ನನ್ನು ಒಳಗೆ ಬಿಡಬೇಕೆಂದು ವಾದಿಸುವುದರಲ್ಲಿ ನ್ಯಾಯವೂ ಇಲ್ಲ, ಔಚಿತ್ಯವೂ ಇಲ್ಲ.

ಅಧಿಕಾರ ಯಾರದು, ಹಕ್ಕು ಎಷ್ಟು?

ಅಮೆರಿಕದಲ್ಲಿ ಪೊಲೀಸ್ ವ್ಯವಸ್ಥೆ ಏಕರೂಪವಾದುದಲ್ಲ. ಊರೊಳಗೆ ನಗರ ಪೊಲೀಸರು, ಜಿಲ್ಲೆಯ ಹಳ್ಳಿಗಾಡಿನಲ್ಲಿ ಶೆರೀಫ್ ಮತ್ತು ಅವರ ಸಹಾಯಕರು, ಹೆದ್ದಾರಿಗಳಲ್ಲಿ ರಾಜ್ಯದ ಗಸ್ತು ಪಡೆ. ದೊಡ್ಡ ವಿಪತ್ತಾದರೆ ಇವರೊಡನೆ ನ್ಯಾಷನಲ್ ಗಾರ್ಡ್ ಸೈನಿಕರು. ಚಿಕ್ಕ ಊರುಗಳಲ್ಲಿ ಅಡ್ಡ ನಿಂತವನು ಸ್ವಯಂಸೇವಾ ಅಗ್ನಿಶಾಮಕ ದಳದ ಸದಸ್ಯನಾಗಿರುವುದೂ ಉಂಟು. ಬೆಳಿಗ್ಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದ ರೈತನೇ ಸಂಜೆ ಟಾರ್ಚು ಹಿಡಿದು ದಾರಿ ಕಾಯುತ್ತಿರಬಹುದು. ಅವನು ಸಮವಸ್ತ್ರ ತೊಟ್ಟಿಲ್ಲವೆಂದು ಅವನ ಮಾತನ್ನು ಹಗುರವಾಗಿ ಎಣಿಸತಕ್ಕದ್ದಲ್ಲ.

ಪತ್ರಕರ್ತನಿಗೆ ವಿಶೇಷ ಹಕ್ಕುಂಟಲ್ಲವೇ ಎಂದು ಕೇಳುವವರುಂಟು. ಬ್ರಾನ್ಸ್‌ಬರ್ಗ್ ಮೊಕದ್ದಮೆಯಲ್ಲಿ 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಸಾರ್ವಜನಿಕರನ್ನು ದೂರವಿಟ್ಟಿರುವ ಅಪರಾಧ ಅಥವಾ ವಿಪತ್ತಿನ ಸ್ಥಳಕ್ಕೆ ಪ್ರವೇಶಿಸುವ ಸಾಂವಿಧಾನಿಕ ಹಕ್ಕು ಪತ್ರಕರ್ತರಿಗೆ ಇಲ್ಲವೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತು. ಕ್ಯಾಲಿಫೋರ್ನಿಯದಂಥ ರಾಜ್ಯವು ಮುಚ್ಚಿದ ವಿಪತ್ತಿನ ಪ್ರದೇಶಕ್ಕೆ ಅಧಿಕೃತ ವರದಿಗಾರರನ್ನು ಬಿಡುವ ಕಾನೂನನ್ನು ಮಾಡಿಕೊಂಡಿದೆ. ಆದರೆ ಅದು ಆ ರಾಜ್ಯದ ಶಾಸನಸಭೆ ಕೊಟ್ಟ ಸೌಲಭ್ಯ. ಪತ್ರಕರ್ತನ ಪಾಡೇ ಹೀಗಿರುವಾಗ ಹವ್ಯಾಸಿಯ ಸ್ಥಾನವೇನೆಂಬುದು ಸ್ಪಷ್ಟ. ಹವಾಮಾನ ಸೇವೆಯ ಸ್ವಯಂಸೇವಕನೆಂಬ ಗುರುತಿನ ಚೀಟಿ ತರಬೇತಿಯನ್ನು ಸೂಚಿಸುತ್ತದೆಯೇ ಹೊರತು ಮುಚ್ಚಿದ ದಾರಿಯನ್ನು ತೆರೆಯಿಸುವ ಅಧಿಕಾರವನ್ನು ಕೊಡುವುದಿಲ್ಲ.

ದೀಪಗಳ ವಿಷಯವೂ ಇಂಥದೇ. ಕೆಂಪು ನೀಲಿ ದೀಪಗಳು ಪೊಲೀಸರಿಗೂ ತುರ್ತು ಸೇವೆಗಳಿಗೂ ಮೀಸಲು. ಕೆಲವರು ತಮ್ಮ ಕಾರಿನ ಮೇಲೆ ಹಳದಿ ದೀಪವನ್ನು ಇಡುವುದುಂಟು; ಅದರ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಧೂಳು ಮಳೆಗಳ ನಡುವೆ ಪಕ್ಕಕ್ಕೆ ನಿಂತ ಕಾರು ಹಿಂದಿನವರಿಗೆ ಕಾಣಲಿ ಎಂಬುದಕ್ಕೆ ಅದು ಉಪಯುಕ್ತವಾದೀತು. ಚಲಿಸುತ್ತಿರುವಾಗ ಅದನ್ನು ಬೆಳಗಿಸಿ, ತಾನೂ ಒಬ್ಬ ಅಧಿಕಾರಿಯೆಂಬ ಭ್ರಮೆಯನ್ನು ಇತರರಲ್ಲಿ ಹುಟ್ಟಿಸುವುದು ಮಾತ್ರ ವಂಚನೆಗೆ ಸಮಾನವಾದ ನಡತೆ.

ಗಾಜಿಳಿಸಿದ ಮೇಲೆ

ಹಾಗಾದರೆ ನಾಕಾಬಂದಿಯ ಎದುರು ನಡೆದುಕೊಳ್ಳಬೇಕಾದ ಕ್ರಮವೇನು? ದೂರದಿಂದಲೇ ವೇಗವನ್ನು ಇಳಿಸುವುದು. ಕತ್ತಲಾಗಿದ್ದರೆ ಕಾರಿನೊಳಗಿನ ದೀಪವನ್ನು ಹಾಕುವುದು. ಎರಡು ಕೈಗಳನ್ನೂ ಸ್ಟಿಯರಿಂಗಿನ ಮೇಲೆ, ಅಧಿಕಾರಿಗೆ ಕಾಣುವಂತೆ ಇಡುವುದು. ಹೇಳಿದ ಹೊರತು ಕಾರಿನಿಂದ ಇಳಿಯದಿರುವುದು. ಬಂದೂಕು ಸಾಮಾನ್ಯವಾಗಿರುವ ಆ ದೇಶದಲ್ಲಿ, ಕಾರನ್ನು ಸಮೀಪಿಸುವ ಪೊಲೀಸನು ಒಳಗಿರುವವರ ಕೈಗಳನ್ನೇ ಮೊದಲು ನೋಡುತ್ತಾನೆ. ಲೈಸೆನ್ಸು, ವಿಮೆಯ ಕಾಗದ ಇವನ್ನು ಕೇಳಿದಾಗ, ಎಲ್ಲಿಂದ ತೆಗೆಯುತ್ತಿರುವೆನೆಂದು ತಿಳಿಸಿ ನಿಧಾನವಾಗಿ ತೆಗೆಯಬೇಕು.

ಅನಂತರ ಮಾತು. ಅದು ಚಿಕ್ಕದಾಗಿರಬೇಕು. ಅನುಭವಸ್ಥನೊಬ್ಬನ ಸಂವಾದ ಹೀಗೆ ನಡೆಯುತ್ತದೆ:

"ನಾವು ಪೂರ್ವದ ಕಡೆ ಹೋಗಬೇಕಾಗಿತ್ತು, ಆಫೀಸರ್. ಯಾವ ರಸ್ತೆ ತೆರೆದಿದೆ ಎಂದು ತಿಳಿಸುವಿರಾ?"

"ಮುಂದೆ ಕರೆಂಟಿನ ತಂತಿ ಬಿದ್ದಿದೆ. ಇಲ್ಲಿಂದ ಎರಡು ಮೈಲಿ ಹಿಂದಕ್ಕೆ ಹೋಗಿ ದಕ್ಷಿಣಕ್ಕೆ ತಿರುಗಿಕೊಳ್ಳಿ. ಇಲ್ಲಿ ನಿಲ್ಲುವ ಹಾಗಿಲ್ಲ."

"ಆಗಲಿ, ಆಫೀಸರ್. ಉಪಕಾರವಾಯಿತು."

ಇಷ್ಟೇ. ತಾನು ಎಷ್ಟು ವರ್ಷಗಳಿಂದ ಬಿರುಗಾಳಿಗಳನ್ನು ನೋಡುತ್ತಿರುವೆನೆಂಬ ಆತ್ಮಕಥೆಯಾಗಲಿ, ಯಾವ ವಾಹಿನಿಗೆ ಚಿತ್ರ ಕೊಡುವೆನೆಂಬ ಪರಿಚಯವಾಗಲಿ ಅಲ್ಲಿ ಅನಾವಶ್ಯಕ. ಆ ಅಧಿಕಾರಿಯ ರೇಡಿಯೊದಲ್ಲಿ ಅದೇ ಕ್ಷಣದಲ್ಲಿ ಗಾಯಾಳುಗಳ ಸುದ್ದಿ ಬರುತ್ತಿರಬಹುದು. ಆ ಗಾಯಾಳುಗಳಲ್ಲಿ ಅವನ ಬಂಧುಗಳೇ ಇರಬಹುದು. ಸಣ್ಣ ಜಿಲ್ಲೆಗಳಲ್ಲಿ ಪೊಲೀಸನೂ ಆ ಊರಿನ ಮಗನೇ. ಅವನ ದನಿ ಗಡುಸಾಗಿದ್ದರೆ ಅದನ್ನು ಅವಮಾನವೆಂದು ಬಗೆಯದೆ, ಅವನು ಹೊತ್ತಿರುವ ಭಾರದ ಗುರುತೆಂದು ತಿಳಿಯುವುದು ಉಚಿತ.

ಅಧಿಕಾರಿಯ ಆದೇಶ ತಪ್ಪೆಂದು ತೋರುವ ಸಂದರ್ಭಗಳೂ ಇಲ್ಲದಿಲ್ಲ. ಒಂದು ಜಿಲ್ಲೆಯವರು ತೆರೆದ ದಾರಿಯನ್ನು ಇನ್ನೊಂದು ಜಿಲ್ಲೆಯವರು ಮುಚ್ಚಿರಬಹುದು. ಬೆನ್ನಟ್ಟುವವರೆಂದರೆ ಉಪದ್ರವಕಾರಿಗಳೆಂಬ ಪೂರ್ವಗ್ರಹವೂ ಕೆಲವರಲ್ಲಿರಬಹುದು. ಅದಕ್ಕೆ ಪರಿಹಾರವುಂಟು: ಮರುದಿನ ಅವರ ಮೇಲಧಿಕಾರಿಗೆ ಪತ್ರ ಬರೆಯಬಹುದು, ದಂಡ ವಿಧಿಸಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ರಸ್ತೆಯ ಮಧ್ಯದಲ್ಲಿ, ಹಿಂದೆ ಸಾಲುಗಟ್ಟಿದ ವಾಹನಗಳನ್ನು ತಡೆದು ನಿಲ್ಲಿಸಿಕೊಂಡು ನಡೆಸುವ ತರ್ಕದಿಂದ ಯಾರಿಗೂ ನ್ಯಾಯ ದೊರೆತುದಿಲ್ಲ.

ನಾಕಾಬಂದಿಯೇ ಸುಂಟರಗಾಳಿಯ ದಾರಿಯಲ್ಲಿದ್ದರೆ

ಎಲ್ಲಕ್ಕಿಂತ ಕಠಿನವಾದ ಪ್ರಸಂಗವೊಂದುಂಟು. ವಾಹನಗಳನ್ನು ತಡೆದು ನಿಲ್ಲಿಸಿರುವ ಸ್ಥಳದ ಕಡೆಗೇ ಸುಂಟರಗಾಳಿ ತಿರುಗಿಬಿಡಬಹುದು. ಪೊಲೀಸನಿಗೆ ವೈರ್‌ಲೆಸ್ಸಿನಲ್ಲಿ ಬಂದ ಸುದ್ದಿ ಐದು ನಿಮಿಷ ಹಳೆಯದಾಗಿರಬಹುದು. ಬೆನ್ನಟ್ಟುವವನಿಗೋ ಮೋಡದ ತಿರುಗುವಿಕೆ ಕಣ್ಣೆದುರಿಗೇ ಕಾಣುತ್ತಿದೆ. ಇಲ್ಲಿ ಅವನು ಸುಮ್ಮನಿರತಕ್ಕದ್ದಲ್ಲ. "ಆಫೀಸರ್, ಸುಂಟರಗಾಳಿ ನಮ್ಮ ಪಶ್ಚಿಮಕ್ಕೆ ಎರಡು ಮೈಲಿಯಲ್ಲಿದೆ, ಈ ಕಡೆಗೇ ಬರುತ್ತಿದೆ, ಎಲ್ಲರನ್ನೂ ದಕ್ಷಿಣಕ್ಕೆ ಕಳುಹಿಸುವುದು ಒಳ್ಳೆಯದು" ಎಂದು ದಿಕ್ಕು, ದೂರ, ಚಲನೆ ಈ ಮೂರನ್ನು ಶಾಂತವಾಗಿ ಹೇಳುವುದು ಅವನ ಕರ್ತವ್ಯ.

ಹೀಗೆ ಹೇಳಿ ಬಂದ ದಾರಿಯಲ್ಲಿಯೇ ಹಿಂದಿರುಗುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಪೊಲೀಸರು ತಡೆಯುವುದು ಮುಂದೆ ಹೋಗುವವರನ್ನು. ಆದರೆ ಹಿಂದಿರುಗಲು ಸ್ಥಳವಿರಬೇಕಲ್ಲವೇ? ಅದಕ್ಕಾಗಿಯೇ ಬಲ್ಲವರು ಮುಂದಿನ ಕಾರಿಗೆ ಅಂಟಿ ನಿಲ್ಲದೆ, ತಿರುಗಿಸಿಕೊಳ್ಳುವಷ್ಟು ಅಂತರವನ್ನು ಯಾವಾಗಲೂ ಬಿಟ್ಟಿರುತ್ತಾರೆ.

ಮೇಲ್ಸೇತುವೆಯ ಅಡಿಯಲ್ಲಿ ಕಾರು ನಿಲ್ಲಿಸಿ ಅಡಗಿಕೊಳ್ಳುವುದಂತೂ ಕೂಡದು. 1991ರಲ್ಲಿ ಕ್ಯಾನ್ಸಸ್ಸಿನ ಹೆದ್ದಾರಿಯೊಂದರಲ್ಲಿ ಹಾಗೆ ಅಡಗಿ ಬದುಕಿದವರ ವಿಡಿಯೊ ದೇಶದಾದ್ಯಂತ ಪ್ರಸಾರವಾಗಿ, ಸೇತುವೆಯಡಿ ಕ್ಷೇಮವೆಂಬ ತಪ್ಪು ನಂಬಿಕೆ ಹರಡಿತು. 1999ರ ಮೇ 3ರಂದು ಒಕ್ಲಹೋಮದಲ್ಲಿ ಹಾಗೆ ಸೇತುವೆಗಳಡಿ ಆಶ್ರಯ ಪಡೆದವರಲ್ಲಿ ಮೂವರು ಮೃತರಾದರು. ಅನೇಕರು ತೀವ್ರವಾಗಿ ಗಾಯಗೊಂಡರು. ಗಾಳಿಯು ಆ ಇಕ್ಕಟ್ಟಿನಲ್ಲಿ ಇನ್ನಷ್ಟು ರಭಸದಿಂದ ನುಗ್ಗುತ್ತದೆ; ಜೊತೆಗೆ ಅಲ್ಲಿ ನಿಂತ ಕಾರುಗಳು ಹಿಂದಿನವರೆಲ್ಲರ ದಾರಿಯನ್ನೂ ಕಟ್ಟಿಬಿಡುತ್ತವೆ.

ದಟ್ಟಣೆಯೆಂಬ ವಿಪತ್ತು

2013ರ ಮೇ 31ರ ಎಲ್ ರೀನೊ ಸುಂಟರಗಾಳಿ ಈ ವಿಷಯದಲ್ಲಿ ಎಂದೂ ಮರೆಯಲಾಗದ ಪಾಠ. ಒಕ್ಲಹೋಮ ನಗರದ ಪಶ್ಚಿಮಕ್ಕೆ ಎದ್ದ ಅದು 2.6 ಮೈಲಿ, ಎಂದರೆ ನಾಲ್ಕು ಕಿಲೋಮೀಟರಿಗೂ ಮಿಕ್ಕು ಅಗಲವಾಗಿ ಹಿಗ್ಗಿತು. ದಾಖಲೆಯಲ್ಲಿರುವ ಸುಂಟರಗಾಳಿಗಳಲ್ಲಿ ಅತ್ಯಂತ ಅಗಲವಾದುದು ಅದೇ. ಮೊದಲು ಆಗ್ನೇಯಕ್ಕೆ ಸಾಗುತ್ತಿದ್ದುದು ಹಠಾತ್ತನೆ ಈಶಾನ್ಯಕ್ಕೆ ತಿರುಗಿ ವೇಗವನ್ನೂ ಹೆಚ್ಚಿಸಿಕೊಂಡಿತು.

ಹನ್ನೊಂದು ದಿನಗಳ ಹಿಂದೆ ನೆರೆಯ ಮೂರ್ ಪಟ್ಟಣದಲ್ಲಿ ಸುಂಟರಗಾಳಿಗೆ 24 ಜನ ಸತ್ತುದನ್ನು ಕಂಡಿದ್ದ ನಗರವಾಸಿಗಳು ಭೀತರಾಗಿ ಮನೆ ಬಿಟ್ಟು ಕಾರುಗಳಲ್ಲಿ ಹೊರಟರು. ಬೆನ್ನಟ್ಟುವವರ ಕಾರುಗಳು ಆಗಲೇ ಹಳ್ಳಿಯ ರಸ್ತೆಗಳಲ್ಲಿ ಕಿಕ್ಕಿರಿದಿದ್ದುವು. ಹೆದ್ದಾರಿಗಳು ಹೆಪ್ಪುಗಟ್ಟಿ ನಿಂತುವು. ಆ ಸುಂಟರಗಾಳಿಯಲ್ಲಿ ಸತ್ತ ಎಂಟು ಜನರೂ ವಾಹನಗಳಲ್ಲಿದ್ದವರು. ಅವರಲ್ಲಿ ಬಿರುಗಾಳಿಯ ಅನ್ವೇಷಕ ಟಿಮ್ ಸಮಾರಸ್, ಅವರ ಮಗ ಪಾಲ್, ಸಹೋದ್ಯೋಗಿ ಕಾರ್ಲ್ ಯಂಗ್ ಇದ್ದರು. ಸಮಾರಸ್ ಅಜಾಗರೂಕರಾಗಿರಲಿಲ್ಲ; 2003ರಲ್ಲಿ ದಕ್ಷಿಣ ಡಕೋಟದ ಮ್ಯಾಂಚೆಸ್ಟರ್ ಬಳಿ ತಾವೇ ನಿರ್ಮಿಸಿದ ಉಪಕರಣವನ್ನು ಸುಂಟರಗಾಳಿಯ ದಾರಿಯಲ್ಲಿಟ್ಟು, 100 ಮಿಲಿಬಾರ್‌ಗಳಷ್ಟು ವಾಯುಭಾರದ ಕುಸಿತವನ್ನು ಅಳೆದ ವಿಜ್ಞಾನನಿಷ್ಠರು. ಅಂಥವರಿಗೂ ಆ ದಿನ ಪಾರಾಗುವ ಅವಕಾಶ ದೊರೆಯಲಿಲ್ಲ.

ಹವಾಮಾನ ವಿಜ್ಞಾನಿ ಚಾರ್ಲ್ಸ್ ಡಾಸ್‌ವೆಲ್ ಬೆನ್ನಟ್ಟುವವರ ಅಪಾಯಗಳನ್ನು ಎಣಿಸುವಾಗ ರಸ್ತೆ ಸಂಚಾರಕ್ಕೆ ಮೊದಲನೆಯ ಸ್ಥಾನವನ್ನೂ ಸಿಡಿಲಿಗೆ ಎರಡನೆಯದನ್ನೂ ಬಿರುಗಾಳಿಗೆ ಮೂರನೆಯದನ್ನೂ ಕೊಟ್ಟಿದ್ದರು. ಅವರ ಮಾತನ್ನು ಕಾಲವು ದೃಢಪಡಿಸಿದೆ. 2017ರ ಮಾರ್ಚ್‌ನಲ್ಲಿ ಟೆಕ್ಸಸ್ಸಿನ ಸ್ಪರ್ ಎಂಬಲ್ಲಿ, ಹಳ್ಳಿಯ ಕೂಡುರಸ್ತೆಯೊಂದರಲ್ಲಿ ನಿಲುಗಡೆಯ ಫಲಕವನ್ನು ಮೀರಿ ಬಂದ ಒಂದು ಕಾರು ಇನ್ನೊಂದಕ್ಕೆ ಬಡಿದು, ಎರಡರಲ್ಲಿಯೂ ಇದ್ದ ಮೂವರು ಬೆನ್ನಟ್ಟುವವರೂ ಮೃತರಾದರು. 2022ರ ಏಪ್ರಿಲ್‌ನಲ್ಲಿ ಕ್ಯಾನ್ಸಸ್ಸಿನಿಂದ ಹಿಂದಿರುಗುತ್ತಿದ್ದ ಒಕ್ಲಹೋಮ ವಿಶ್ವವಿದ್ಯಾಲಯದ ಮೂವರು ಹವಾಮಾನಶಾಸ್ತ್ರದ ವಿದ್ಯಾರ್ಥಿಗಳು ಒದ್ದೆ ಹೆದ್ದಾರಿಯಲ್ಲಿ ಕಾರು ಜಾರಿ ಪ್ರಾಣ ಕಳೆದುಕೊಂಡರು.

ಆದುದರಿಂದ ನಾಕಾಬಂದಿಗೆ ಸಲ್ಲುವ ವಿಧೇಯತೆ ಸಂಚಾರದ ಸಾಧಾರಣ ನಿಯಮಗಳಿಗೂ ಸಲ್ಲಬೇಕು. ಚಿತ್ರ ತೆಗೆಯುವುದಕ್ಕೆ ನಿಲ್ಲುವವನು ರಸ್ತೆಯಿಂದ ಪೂರ್ತಿಯಾಗಿ ಕೆಳಗಿಳಿದು ನಿಲ್ಲಬೇಕು. ರಸ್ತೆಯ ಮೇಲೆ ಮುಕ್ಕಾಲಿಯನ್ನು ಊರಕೂಡದು. ತುರ್ತು ವಾಹನವು ಪಕ್ಕದಲ್ಲಿ ನಿಂತಿದ್ದರೆ ದೂರದ ಪಥಕ್ಕೆ ಸರಿಯಬೇಕು ಅಥವಾ ವೇಗವನ್ನು ತಗ್ಗಿಸಬೇಕು. ಈ ಕೊನೆಯದು ಐವತ್ತು ರಾಜ್ಯಗಳಲ್ಲಿಯೂ ಕಾನೂನು. ವಿದ್ಯುತ್ ಹೋಗಿ ಸಿಗ್ನಲ್ ದೀಪಗಳು ಆರಿದ್ದರೆ, ನಾಲ್ಕು ಕಡೆಯವರೂ ನಿಂತು ಸರದಿಯಂತೆ ದಾಟಬೇಕು. ನೀರು ಹರಿಯುತ್ತಿರುವ ರಸ್ತೆಗೆ ಬ್ಯಾರಿಕೇಡ್ ಹಾಕಿದ್ದರೆ ಅದನ್ನು ಸುತ್ತಿ ಹೋಗತಕ್ಕದ್ದಲ್ಲ. ಎರಡು ಅಡಿ ಹರಿಯುವ ನೀರು ಬಹುತೇಕ ಎಲ್ಲ ಕಾರುಗಳನ್ನೂ ಎತ್ತಿ ಒಯ್ಯುತ್ತದೆ.

ನೆರವಾಗಬೇಕೆನ್ನುವವರು

ಪೊಲೀಸರಿಗಿಂತ ಮೊದಲೇ ಹಾನಿಯ ಸ್ಥಳವನ್ನು ತಲುಪುವವರು ಅನೇಕ ವೇಳೆ ಬೆನ್ನಟ್ಟುವವರೇ. ಆಗ ಅವರ ಮುಂದೆ ನಾಕಾಬಂದಿಯಿರುವುದಿಲ್ಲ, ಮನುಷ್ಯಧರ್ಮವೊಂದೇ ಇರುತ್ತದೆ. ಕ್ಯಾಮೆರಾವನ್ನು ಕೆಳಗಿಟ್ಟು, ತುರ್ತು ಸೇವೆಯ ಸಂಖ್ಯೆ 911ಕ್ಕೆ ಕರೆ ಮಾಡಿ, ಸ್ಥಳವನ್ನು ಸ್ಪಷ್ಟವಾಗಿ ತಿಳಿಸಿ, ತಮಗೆ ತಿಳಿದಷ್ಟು ಪ್ರಥಮ ಚಿಕಿತ್ಸೆಯನ್ನು ನೀಡಿದ ಎಷ್ಟೋ ಮಂದಿ ಇದ್ದಾರೆ. ಅವರು ಈ ಹವ್ಯಾಸಕ್ಕೆ ಗೌರವವನ್ನು ತಂದವರು.

ಆದರೆ ತರಬೇತಿ ಪಡೆದವರು ಬಂದು ಸೇರಿದೊಡನೆ, ತಾನು ಕಂಡುದನ್ನು ಅವರಿಗೆ ತಿಳಿಸಿ, ಬೇರೆ ಕೆಲಸವೇನಾದರೂ ಇದೆಯೇ ಎಂದು ಒಮ್ಮೆ ಕೇಳಿ, ಇಲ್ಲವೆಂದರೆ ಹೊರಟುಬಿಡಬೇಕು. ಸ್ಥಳ ಒಮ್ಮೆ ಮುಚ್ಚಿದ ಮೇಲೆ ನೆರವಿನ ನೆಪದಿಂದ ಒಳನುಗ್ಗುವುದು ನೆರವಲ್ಲ. ಶೋಧಕರು ಯಾರನ್ನು ಹುಡುಕಬೇಕು, ಯಾರು ಸುರಕ್ಷಿತರು ಎಂದು ಲೆಕ್ಕವಿಡುತ್ತಿರುವಾಗ, ಲೆಕ್ಕಕ್ಕೆ ಸೇರದ ಪ್ರತಿಯೊಬ್ಬನೂ ಅವರ ಪಾಲಿಗೆ ಹೊಸ ಹೊರೆ.

ಅಲ್ಲಿ ನೆಲಸಿದ ಕನ್ನಡಿಗರಿಗೆ

ಈ ವಿಚಾರ ನಮಗೆ ಸಂಬಂಧಿಸದ ದೂರದ ಮಾತಲ್ಲ. ಡಲ್ಲಾಸ್ ಸುತ್ತಮುತ್ತಲ ಉಪನಗರಗಳಲ್ಲಿ ಉದ್ಯೋಗನಿಮಿತ್ತ ನೆಲಸಿದ ಕನ್ನಡ ಕುಟುಂಬಗಳು ಬಹಳ. ಅವರಲ್ಲಿ ಯಾರೂ ಸುಂಟರಗಾಳಿಯ ಬೆನ್ನು ಹತ್ತದಿದ್ದರೂ, ಸುಂಟರಗಾಳಿಯೇ ಅವರ ದಾರಿಗೆ ಅಡ್ಡ ಬರಬಹುದು. 2015ರ ಡಿಸೆಂಬರ್ 26ರ ರಾತ್ರಿ ಡಲ್ಲಾಸಿನ ಮಗ್ಗುಲಿನ ಗಾರ್ಲಂಡ್‌ನಲ್ಲಿ ಹೆದ್ದಾರಿಗಳು ಕೂಡುವ ಸ್ಥಳವನ್ನು ಹಾಯ್ದ ಸುಂಟರಗಾಳಿಗೆ ಬಲಿಯಾದ ಹತ್ತು ಜನರಲ್ಲಿ ಹೆಚ್ಚಿನವರು ವಾಹನಗಳಲ್ಲಿದ್ದವರು.

ಎಚ್ಚರಿಕೆಯ ಸೈರನ್ ಮೊಳಗಿದಾಗ ಮನೆಯ ನಡುವಿನ, ಕಿಟಕಿಯಿಲ್ಲದ, ಕೆಳಅಂತಸ್ತಿನ ಕೋಣೆಯೇ ಕ್ಷೇಮ. ಬಾಲ್ಕನಿಯಾಗಲಿ ಕಾರಾಗಲಿ ಅಲ್ಲ. ದಾರಿಯಲ್ಲಿಯೇ ಸಿಕ್ಕಿಬಿದ್ದರೆ ಮೊದಲು ಕಾಣುವ ಗಟ್ಟಿ ಕಟ್ಟಡವನ್ನು ಸೇರಬೇಕು. ಅದೂ ಇಲ್ಲದಿದ್ದರೆ ಬೆಲ್ಟ್ ಬಿಗಿದುಕೊಂಡು ಕಿಟಕಿಗಿಂತ ಕೆಳಗೆ ತಲೆಬಾಗಿಸಿ ಮುಚ್ಚಿಕೊಳ್ಳುವುದು, ಇಲ್ಲವೆ ಕಾರಿನಿಂದ ದೂರವಾಗಿ, ರಸ್ತೆಗಿಂತ ತಗ್ಗಾದ ಕುಣಿಯಲ್ಲಿ ಬೋರಲು ಮಲಗುವುದು ಹವಾಮಾನ ಸೇವೆಯವರು ಹೇಳುವ ಕೊನೆಯ ಉಪಾಯ. ಮರುದಿನ ಹಾನಿ ನೋಡಲೆಂದು ಮಕ್ಕಳೊಡನೆ ಕಾರಿನಲ್ಲಿ ಹೊರಡುವ ಕುತೂಹಲವನ್ನು ತಡೆದುಕೊಂಡರೆ, ಅದೂ ನೊಂದವರಿಗೆ ಮಾಡಿದ ಉಪಕಾರವೇ.

ಸ್ವಾತಂತ್ರ್ಯದ ಬೆಲೆ

ಬಿರುಗಾಳಿಯನ್ನು ಬೆನ್ನಟ್ಟುವುದಕ್ಕೆ ಅಮೆರಿಕದಲ್ಲಿ ಸಾಮಾನ್ಯವಾಗಿ ಯಾರ ಅನುಮತಿಯೂ ಬೇಕಾಗಿಲ್ಲ. ಸಾರ್ವಜನಿಕ ರಸ್ತೆ, ಚಾಲನೆಯ ಲೈಸೆನ್ಸು, ಇಷ್ಟಿದ್ದರೆ ಸಾಕು. 2025ರಲ್ಲಿ ಒಕ್ಲಹೋಮದ ಶಾಸನಸಭೆಯ ಮುಂದೆ, ದೂರದರ್ಶನ ಕೇಂದ್ರಗಳಿಗೂ ವಿಶ್ವವಿದ್ಯಾಲಯಗಳಿಗೂ ಸೇರಿದ ವೃತ್ತಿಪರರಿಗೆ ಪರವಾನಿಗೆ ಕೊಡುವ ಮಸೂದೆಯೊಂದು ಬಂದಿತು. ಯಾರು ಉಪಯುಕ್ತರು, ಯಾರು ಉಪದ್ರವಕಾರಿಗಳು ಎಂಬುದನ್ನು ಕಾನೂನೇ ವಿಂಗಡಿಸಬೇಕೆಂಬ ಆಲೋಚನೆ ಹುಟ್ಟಿದೆಯೆಂದರೆ, ಸ್ವಯಂಶಿಸ್ತಿನ ಮೇಲಿನ ನಂಬಿಕೆ ಕ್ಷೀಣಿಸಿದೆ ಎಂದೇ ಅರ್ಥ.

ಆ ನಂಬಿಕೆಯನ್ನು ಉಳಿಸುವ ಶಕ್ತಿ ಹವ್ಯಾಸಿಗಳ ಕೈಯಲ್ಲಿಯೇ ಇದೆ. ನಾಕಾಬಂದಿಯಲ್ಲಿ ಸೌಜನ್ಯದಿಂದ ತಿರುಗಿಹೋದವನನ್ನು ಆ ಅಧಿಕಾರಿ ಮರುದಿನ ಜ್ಞಾಪಿಸಿಕೊಳ್ಳಲಾರನು; ವಾದಿಸಿದವನನ್ನು ಮಾತ್ರ ವರ್ಷಗಟ್ಟಲೆ ಮರೆಯನು, ಅವನಿಂದ ಇಡೀ ಸಮುದಾಯವನ್ನು ಅಳೆಯುವನು. ಸುಂಟರಗಾಳಿಗಳು ಮುಂದಿನ ವಸಂತದಲ್ಲಿಯೂ ಬರುತ್ತವೆ. ತಪ್ಪಿಹೋದ ದೃಶ್ಯಕ್ಕೆ ಮತ್ತೊಂದು ದೊರೆಯುತ್ತದೆ. ಆದರೆ ತನ್ನ ಕಾರಿನಿಂದ ತಡವಾದ ಆಂಬುಲೆನ್ಸಿಗಾಗಿ ಕಾದು ಜೀವ ಬಿಟ್ಟವನಿಗೆ ಮತ್ತೊಂದು ಅವಕಾಶವಿಲ್ಲ. ಪ್ರಕೃತಿಯ ಮಹಾಶಕ್ತಿಯನ್ನು ನೋಡಿ ತಿಳಿಯಬೇಕೆಂಬ ಹಂಬಲ ಉದಾತ್ತವಾದುದು. ಆ ಶಕ್ತಿಗೆ ಸಿಕ್ಕಿ ನೊಂದವರಿಗೆ ಮೊದಲು ದಾರಿ ಬಿಡುವವನು ಮಾತ್ರ ಆ ಹಂಬಲಕ್ಕೆ ಅರ್ಹನು.